ಅರ್ಮೇನಿಯನ್ ನೆರೆಮನೆಯವರಿಗೆ ಅವರದೇ ಅಡುಗೆ ಮಾಡಿ ಬಡಿಸಬೇಕೆಂದಿದ್ದೇನೆ: ಸಿಹಿ ಮತ್ತು ಖಾರದಲ್ಲಿ ಯಾವುದರಿಂದ ಆರಂಭಿಸಲಿ?

ಪ್ರಶ್ನೆ (ಹುಗ್ಗಿಮನೆ, ಗ್ಲೆಂಡೇಲ್)

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ಗೆ ಬಂದು ಎರಡು ವರ್ಷಗಳಾದವು. ಈ ಊರಿನಲ್ಲಿ ಅರ್ಮೇನಿಯನ್ನರು ಬಹಳ ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಪಕ್ಕದ ಮನೆಯಲ್ಲಿ ಇರುವವರೂ ಅರ್ಮೇನಿಯನ್ ಹಿರಿಯ ದಂಪತಿಗಳೇ. ಅವರಿಗೆ ಕ್ರಿಸ್‌ಮಸ್ ಬರುವುದು ಜನವರಿ 6ಕ್ಕೆ. ಕಳೆದ ವರ್ಷ ಆ ದಿನ ಅಜ್ಜಿ ನಮ್ಮ ಬಾಗಿಲು ತಟ್ಟಿ ಒಂದು ಗಾಜಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಒಳಗೆ ತಣ್ಣಗಿನ, ಗಟ್ಟಿಯಾದ ಗೋಧಿಯ ಪಾಯಸದಂಥ ಸಿಹಿಯಿತ್ತು. ಅದರ ಮೇಲೆ ಸಿಪ್ಪೆ ತೆಗೆದ ಬಾದಾಮಿಯನ್ನೂ ದಾಳಿಂಬೆ ಕಾಳನ್ನೂ ಹೂವಿನಂತೆ ಜೋಡಿಸಿದ್ದರು. ಒಂದು ಚಮಚ ಬಾಯಿಗಿಟ್ಟ ಕೂಡಲೇ ಧಾರವಾಡದಲ್ಲಿ ನನ್ನ ತಾಯಿ ಮಾಡುವ ಗೋಧಿ ಹುಗ್ಗಿ ಕಣ್ಣಮುಂದೆ ಬಂತು. ಬೆಲ್ಲವಿರಲಿಲ್ಲ, ಏಲಕ್ಕಿಯಿರಲಿಲ್ಲ, ಆದರೆ ಗೋಧಿ ಅದೇ ಹದಕ್ಕೆ ಅರಳಿತ್ತು. ಅದರ ಹೆಸರು ಅನುಷಾಬುರ್ ಎಂದು ತಿಳಿಸಿದರು.

ಬರುವ ಜನವರಿಯಲ್ಲಿ ಅವರಿಬ್ಬರನ್ನೂ ಊಟಕ್ಕೆ ಕರೆಯಬೇಕೆಂದಿದ್ದೇನೆ. ನಮ್ಮ ಅಡುಗೆಯನ್ನು ಅವರು ಈಗಾಗಲೇ ಉಂಡಿದ್ದಾರೆ. ಈ ಬಾರಿ ಅವರ ಮನೆಯ ರುಚಿಯನ್ನೇ ನನ್ನ ಕೈಯಿಂದ ಬಡಿಸಬೇಕೆಂಬ ಆಸೆ. ನಮ್ಮ ಮನೆಯಲ್ಲಿ ಮಾಂಸವನ್ನಾಗಲಿ ಮೊಟ್ಟೆಯನ್ನಾಗಲಿ ಬಳಸುವುದಿಲ್ಲ. ಇಲ್ಲಿನ ಹೋಟೆಲುಗಳಲ್ಲಿ ಸಿಗುವುದೆಲ್ಲ ಸುಟ್ಟ ಮಾಂಸವೇ ಆದ್ದರಿಂದ, ಮನೆಗಳಲ್ಲಿ ನಿಜವಾಗಿ ಏನು ಬೇಯಿಸುತ್ತಾರೆಂಬುದು ನನಗೆ ತಿಳಿಯುತ್ತಿಲ್ಲ. ಎರಡು ಖಾರದ ಪದಾರ್ಥ, ಎರಡು ಸಿಹಿ ಸಾಕು. ಧೈರ್ಯಮಾಡಿ ಸ್ಪಾಸ್ ಎಂಬ ಮೊಸರಿನ ಸಾರನ್ನು ಒಮ್ಮೆ ಮಾಡಿದೆ. ಕುದಿ ಬರುವ ಹೊತ್ತಿಗೆ ಅದು ಪೂರ್ತಿ ಒಡೆದು, ಮೇಲೆ ನೀರು, ಕೆಳಗೆ ಗಡ್ಡೆಗಳಾದವು. ಎಲ್ಲಿ ತಪ್ಪಿದೆನೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ತೋನೀರ್, ದಾವಣಗೆರೆ)

ನಾನು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ವೈದ್ಯಕೀಯ ಓದಿ ಬಂದವನು. ನಮ್ಮ ದೇಶದಿಂದ ಪ್ರತಿವರ್ಷ ಅಲ್ಲಿಗೆ ಓದಲು ಹೋಗುವವರು ಬಹಳ ಮಂದಿ. ನನ್ನ ಕೊನೆಯ ನಾಲ್ಕು ವರ್ಷಗಳನ್ನು ಒಬ್ಬ ವಯಸ್ಸಾದ ತಾಯಿಯ ಮನೆಯ ಬಾಡಿಗೆ ಕೋಣೆಯಲ್ಲಿ ಕಳೆದೆ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ಅವರು ಆಶ್ಚರ್ಯಪಡಲಿಲ್ಲ, "ಹಾಗಾದರೆ ನಿನಗೆ ವರ್ಷವಿಡೀ ಪಸ್" ಎಂದರು. ಪಸ್ ಎಂದರೆ ಉಪವಾಸ. ಅರ್ಮೇನಿಯನ್ ಚರ್ಚಿನ ಪಂಚಾಂಗದಲ್ಲಿ ಇಂಥ ದಿನಗಳು ಬಹಳ, ಈಸ್ಟರ್‌ಗೆ ಮೊದಲಿನ ದೀರ್ಘ ಉಪವಾಸವೂ ಅದರಲ್ಲಿ ಸೇರಿದೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟದ ಕಾರಣ, ಕಾಳು, ಗೋಧಿ, ಸೊಪ್ಪು, ಒಣಹಣ್ಣುಗಳನ್ನು ನಂಬಿದ ಒಂದು ದೊಡ್ಡ ಅಡುಗೆ ಪರಂಪರೆಯೇ ಅಲ್ಲಿ ಬೆಳೆದಿದೆ. ನೀವು ಆ ಬಾಗಿಲಿನಿಂದ ಒಳಗೆ ಹೋಗಿ. ಮಾಂಸದ ಅಡುಗೆಯಿಂದ ಮಾಂಸವನ್ನು ತೆಗೆದುಹಾಕಿ ಏನನ್ನೋ ಹೊಂದಿಸುವ ಅಗತ್ಯ ನಿಮಗೆ ಬರುವುದೇ ಇಲ್ಲ.

ಮೊದಲು ಸ್ಪಾಸ್ ಒಡೆದ ವಿಚಾರ. ಮೊಸರಿಗೆ ಅವರು ಮಾತ್ಸೂನ್ ಎನ್ನುತ್ತಾರೆ. ಬಿಸಿ ನೀರಿಗೆ ಮೊಸರು ಸುರಿದರೆ ಅದು ಒಡೆಯುವುದು ಖಚಿತ. ಒಂದು ಲೀಟರ್ ಗಟ್ಟಿ ಮೊಸರಿಗೆ ಮೂರು ದೊಡ್ಡ ಚಮಚ ಮೈದಾ ಸೇರಿಸಿ, ಒಲೆ ಹೊತ್ತಿಸುವ ಮೊದಲೇ ಗಂಟಿಲ್ಲದಂತೆ ಕಡೆಯಿರಿ. ಅಲ್ಲಿನವರು ಒಂದು ಮೊಟ್ಟೆಯನ್ನೂ ಹಾಕುತ್ತಾರೆ. ನೀವು ಅದನ್ನು ಬಿಟ್ಟು, ಇನ್ನೊಂದು ಚಮಚ ಮೈದಾ ಹೆಚ್ಚಿಸಿಕೊಳ್ಳಿ. ಬಳಿಕ ಎರಡು ಲೋಟ ತಣ್ಣೀರು ಬೆರೆಸಿ ಮಧ್ಯಮ ಉರಿಯಲ್ಲಿಟ್ಟು, ಮೊದಲ ಗುಳ್ಳೆಗಳು ಏಳುವವರೆಗೆ ಕೈ ನಿಲ್ಲಿಸದೆ ತಿರುವುತ್ತಿರಬೇಕು. ಹಿಟ್ಟಿನ ಪಿಷ್ಟವು ಬಿಸಿಯಲ್ಲಿ ಉಬ್ಬಿ ಮೊಸರಿನ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ತಡೆಯುತ್ತದೆ. ಮಜ್ಜಿಗೆ ಹುಳಿಗೆ ನಾವು ಕಡಲೆಬೇಳೆಯನ್ನು ರುಬ್ಬಿ ಹಾಕುವುದರ ಹಿಂದಿರುವುದೂ ಬಹುಮಟ್ಟಿಗೆ ಇದೇ ಗುಟ್ಟು. ಕುದಿ ಬಂದ ಮೇಲೆ, ಬೇರೆಯಾಗಿ ಬೇಯಿಸಿಟ್ಟ ಅರ್ಧ ಲೋಟ ಕುಟ್ಟಿದ ಗೋಧಿಯನ್ನು ಸೇರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಉಪ್ಪು ಕೊನೆಗೆ ಬೀಳಲಿ. ಒಂದು ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಂಗಾರದ ಬಣ್ಣಕ್ಕೆ ಹುರಿದು ಸುರಿದು, ಮೇಲೆ ಕೊತ್ತಂಬರಿ ಅಥವಾ ಪುದೀನ ಉದುರಿಸಿದರೆ ಸ್ಪಾಸ್ ಸಿದ್ಧ. ಚಳಿಗಾಲದಲ್ಲಿ ಬಿಸಿಯಾಗಿ, ಬೇಸಿಗೆಯಲ್ಲಿ ತಣ್ಣಗೆ ಮಾಡಿ ಕುಡಿಯುತ್ತಾರೆ. ಒಗ್ಗರಣೆಗೆ ಸಾಸಿವೆ, ಹಸಿಮೆಣಸಿನಕಾಯಿ ಹಾಕಬೇಕೆಂಬ ಆಸೆ ಹುಟ್ಟುತ್ತದೆ. ದಯವಿಟ್ಟು ಹಾಕಬೇಡಿ, ಹಾಕಿದರೆ ಅದು ನಮ್ಮದೇ ಮಜ್ಜಿಗೆ ಹುಳಿಯಾಗಿಬಿಡುತ್ತದೆ.

ಎರಡನೆಯದು ಪಸುತ್ಸ್ ತೋಲ್ಮಾ, ಅಂದರೆ ಉಪವಾಸದ ತೋಲ್ಮಾ, ಎಲೆಯಲ್ಲಿ ಹೂರಣ ಸುತ್ತಿ ಬೇಯಿಸಿದ ಸುರುಳಿ. ಹೊಸ ವರ್ಷದ ಮೇಜಿನ ಮೇಲೆ ಇದು ಇರಲೇಬೇಕು. ಕಡಲೆಕಾಳು, ರಾಜ್ಮಾ, ಇಡೀ ಮಸೂರ, ಮೂರನ್ನೂ ತಲಾ ಒಂದು ಲೋಟದಂತೆ ಬೇರೆಬೇರೆಯಾಗಿ ಬೇಯಿಸಿ, ಏಕೆಂದರೆ ಮೂರೂ ಬೇಯುವ ಹೊತ್ತು ಬೇರೆ. ಎಣ್ಣೆಯಲ್ಲಿ ಧಾರಾಳವಾಗಿ ಈರುಳ್ಳಿ ಹುರಿದು, ಎರಡು ಚಮಚ ಟೊಮೇಟೊ ಪೇಸ್ಟ್, ಅರ್ಧ ಲೋಟ ಬುಲ್ಗುರ್ (ಬೇಯಿಸಿ ಒಣಗಿಸಿ ಒಡೆದ ಗೋಧಿ), ಒಣ ಪುದೀನ, ಒಣ ತುಳಸಿಜಾತಿಯ ರೆಹಾನ್, ಕರಿಮೆಣಸು ಬೆರೆಸಿ ಕಾಳುಗಳೊಡನೆ ಕಲಸಿ. ಇದನ್ನು ಸುತ್ತುವುದು ಉಪ್ಪುನೀರಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಎಲೆಯಲ್ಲಿ. ಎಲೆಯ ನಡುವಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಳುಮಾಡಿ, ಬುಡದ ಕಡೆಗೆ ಒಂದು ದೊಡ್ಡ ಚಮಚ ಹೂರಣವಿಟ್ಟು, ಎರಡೂ ಬದಿಯನ್ನು ಒಳಕ್ಕೆ ಮಡಚಿ, ಕವಳದಂತೆ ಬಿಗಿಯಾಗಿ ಸುರುಳಿ ಸುತ್ತಬೇಕು. ಪಾತ್ರೆಯ ತಳಕ್ಕೆ ಹರಿದ ಎಲೆಗಳನ್ನು ಹಾಸಿ, ಸುರುಳಿಗಳನ್ನು ಸಂದಿಲ್ಲದಂತೆ ಜೋಡಿಸಿ, ನಡುನಡುವೆ ಒಣ ಏಪ್ರಿಕಾಟ್ ಮತ್ತು ಹುಳಿ ಪ್ಲಮ್ ಇಟ್ಟು, ಮೇಲೊಂದು ತಟ್ಟೆಯನ್ನು ಬೋರಲು ಹಾಕಿ. ಆ ತಟ್ಟೆಯ ಭಾರವಿಲ್ಲದಿದ್ದರೆ ಕುದಿಯುವಾಗ ಸುರುಳಿಗಳು ಬಿಚ್ಚಿಕೊಳ್ಳುತ್ತವೆ. ಮುಳುಗುವಷ್ಟು ನೀರು ಹಾಕಿ ನಲವತ್ತೈದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ, ಅದೇ ಪಾತ್ರೆಯಲ್ಲಿ ರಾತ್ರಿಯಿಡೀ ತಣಿಯಲು ಬಿಡಿ. ಇದನ್ನು ತಣ್ಣಗೇ ತಿನ್ನುವುದು. ಎರಡನೆಯ ದಿನದ ರುಚಿ ಮೊದಲನೆಯ ದಿನ ಸಿಗದು.

ಸಿಹಿಗೆ ಘಪಾಮಾ ಮಾಡಿ: ಎರಡು ಕಿಲೋ ತೂಗುವ ಕುಂಬಳಕಾಯಿಯ ತಲೆ ಕತ್ತರಿಸಿ, ಬೀಜ ತೆಗೆದು, ಒಳಗೆ ಜೇನು ಸವರಿ, ಅರ್ಧ ಬೆಂದ ಅಕ್ಕಿ, ಒಣಹಣ್ಣು, ಆಕ್ರೋಟು, ಬೆಣ್ಣೆ, ದಾಲ್ಚಿನ್ನಿ ತುಂಬಿ, ಕತ್ತರಿಸಿದ ತಲೆಯನ್ನೇ ಮುಚ್ಚಳವಾಗಿಟ್ಟು, ಓವನ್ನಿನಲ್ಲಿ ಕುಂಬಳಕಾಯಿ ಮೆತ್ತಗಾಗುವವರೆಗೆ ಬೇಯಿಸುವುದು. ಅಕ್ಕಿ ಉಬ್ಬಲು ಮೇಲೆ ಸ್ವಲ್ಪ ಜಾಗ ಬಿಡಿ. ಮೇಜಿನ ಮೇಲೆ ಹೋಳು ಮಾಡಿದಾಗ ಅದು ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತದೆ. ಕ್ರಿಸ್‌ಮಸ್ ಊಟಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಉತ್ತರ 2 (ಬೈರೂತಿನ ಸೊಸೆ, ಲಾಸ್ ಏಂಜಲಿಸ್)

ತೋನೀರ್ ಅವರ ಉತ್ತರ ತುಂಬ ಉಪಯುಕ್ತವಾಗಿದೆ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ನಿಮ್ಮ ನೆರೆಯವರ ಹಿರಿಯರು ಎಲ್ಲಿಯವರು? ನನ್ನ ಸೊಸೆಯ ತವರಿನವರು ಬೈರೂತಿನ ಅರ್ಮೇನಿಯನ್ನರು. ಅವರ ಅಜ್ಜಂದಿರು 1915ರ ನರಮೇಧದಲ್ಲಿ ಈಗಿನ ಟರ್ಕಿಯ ಊರುಗಳಿಂದ ಹೊರದೂಡಲ್ಪಟ್ಟು, ಸಿರಿಯಾದ ಅಲೆಪ್ಪೊ ದಾಟಿ ಲೆಬನಾನ್ ಸೇರಿದವರು. ಆ ಮನೆಯಲ್ಲಿ ಘಪಾಮಾ ಎಂಬ ಹೆಸರನ್ನು ಕೇಳಿದ್ದಾರೆಯೇ ಹೊರತು ಯಾರೂ ಮಾಡುವುದಿಲ್ಲ. ಸ್ಪಾಸ್ ಬದಲು ಅವರ ಮೊಸರಿನ ಸಾರಿಗೆ ತನಬುರ್ ಎನ್ನುತ್ತಾರೆ. ಯೆರೆವಾನ್ ಕಡೆಯ ಪೂರ್ವದ ಅಡುಗೆ, ಅಲೆಪ್ಪೊ, ಬೈರೂತ್, ಇಸ್ತಾಂಬುಲ್ ಕಡೆಯ ಪಶ್ಚಿಮದ ಅಡುಗೆ ಮತ್ತು ಇರಾನಿನಿಂದ ಬಂದವರ ಅಡುಗೆ, ಮೂರೂ ಗ್ಲೆಂಡೇಲ್‌ನ ಒಂದೇ ಬೀದಿಯಲ್ಲಿ ಸಿಗುತ್ತವೆ. ಉತ್ತರ ಕರ್ನಾಟಕದ ಮನೆಯವರಿಗೆ "ನಿಮ್ಮದೇ ಅಡುಗೆ" ಎಂದು ಹೇಳಿ ಪತ್ರೊಡೆ ಬಡಿಸಿದರೆ ಅವರು ಸಂತೋಷದಿಂದ ತಿಂದಾರು, ಆದರೆ ತಾಯಿಯ ಕೈರುಚಿ ನೆನಪಾಗುವುದಿಲ್ಲವಲ್ಲ.

ಅನುಷಾಬುರ್ ತಂದುಕೊಟ್ಟರೆಂದರೆ ಅವರು ಪಶ್ಚಿಮದ ಕಡೆಯವರು ಎಂದು ನನ್ನ ಊಹೆ. ಅನುಷ್ ಎಂದರೆ ಸಿಹಿ, ಅಬುರ್ ಎಂದರೆ ಸಾರು. ಪೂರ್ವದವರು ಅಪುರ್ ಎಂದು ಉಚ್ಚರಿಸುತ್ತಾರೆ. ಇದಕ್ಕೆ ಬೇಕಾದ ಗೋಧಿಯನ್ನು ಅವರ ಅಂಗಡಿಗಳಲ್ಲಿ ದ್ಜೆದ್ಜಾದ್ಜ್ ಎಂದು ಕೇಳಬೇಕು, ಆ ಪದದ ಅರ್ಥ "ಕುಟ್ಟಿದ್ದು" ಎಂದೇ. ಹುಗ್ಗಿಗೆ ನಿಮ್ಮ ತಾಯಿ ಬಳಸುವ, ಕುಟ್ಟಿ ಹೊಟ್ಟು ತೆಗೆದ ಗೋಧಿಯೇ ಇದು. ಒಂದು ಲೋಟ ಗೋಧಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಎಂಟು ಲೋಟ ನೀರಿನಲ್ಲಿ ಒಂದೂವರೆ ಗಂಟೆಯಾದರೂ ಸಣ್ಣ ಉರಿಯಲ್ಲಿ ಬೇಯಿಸಬೇಕು. ಕುಕ್ಕರ್ ಬೇಡ. ಕಾಳು ಒಡೆದು ಅದರ ಪಿಷ್ಟ ನಿಧಾನವಾಗಿ ನೀರಿಗೆ ಇಳಿದಾಗಲೇ ಆ ಹೊಳಪು, ಆ ಗಂಜಿಯ ಹದ ಬರುವುದು. ಕುಕ್ಕರಿನಲ್ಲಿ ಗೋಧಿ ಬೇಯುತ್ತದೆ, ನೀರು ಮಾತ್ರ ನೀರಾಗಿಯೇ ಉಳಿಯುತ್ತದೆ. ಬೆಂದ ಮೇಲೆ ಹೆಚ್ಚಿದ ಒಣ ಏಪ್ರಿಕಾಟ್ ಒಂದು ಲೋಟ, ಬಿಳಿ ಒಣದ್ರಾಕ್ಷಿ ಅರ್ಧ ಲೋಟ, ಸಕ್ಕರೆ ಮುಕ್ಕಾಲು ಲೋಟ ಹಾಕಿ ಮತ್ತೆ ಇಪ್ಪತ್ತು ನಿಮಿಷ. ಸಕ್ಕರೆಯನ್ನು ಮೊದಲೇ ಹಾಕಿದರೆ ಗೋಧಿ ಮುಂದೆ ಬೇಯದೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಒಲೆಯಿಂದ ಇಳಿಸುವಾಗ ಅದು ನಿಮಗೆ ತೀರಾ ತೆಳ್ಳಗೆ ಕಂಡು ಗಾಬರಿಯಾಗಬಹುದು; ತಣಿದ ಮೇಲೆ ಎರಡರಷ್ಟು ಗಟ್ಟಿಯಾಗುವುದರಿಂದ ಹಾಗೆಯೇ ಇಳಿಸಿ. ಒಂದು ಚಮಚ ಗುಲಾಬಿ ನೀರು, ಮೇಲೆ ಬಾದಾಮಿ, ಆಕ್ರೋಟು, ದಾಳಿಂಬೆ. ಹಾಲಿಲ್ಲ, ತುಪ್ಪವಿಲ್ಲ, ಇದೂ ಪಸ್ ಅಡುಗೆಯೇ.

ಖಾರಕ್ಕೆ ವೋಸ್ಪೋವ್ ಕೋಫ್ತೆ ಮಾಡಿ. ಇದು ಉಂಡೆಯೂ ಹೌದು, ಪಲ್ಯವೂ ಹೌದು ಎನ್ನುವಂಥದ್ದು. ಒಂದು ಲೋಟ ಕೆಂಪು ಮಸೂರಬೇಳೆಯನ್ನು ಮೂರು ಲೋಟ ನೀರಿನಲ್ಲಿ ಕರಗುವಂತೆ ಬೇಯಿಸಿ, ಒಲೆ ಆರಿಸಿ, ಅದರ ಬಿಸಿಗೇ ಮುಕ್ಕಾಲು ಲೋಟ ಸಣ್ಣ ಬುಲ್ಗುರ್ ಸುರಿದು ಮುಚ್ಚಿಡಿ. ಅರ್ಧ ಗಂಟೆಯಲ್ಲಿ ಅದು ನೀರನ್ನೆಲ್ಲ ಕುಡಿದು ಉಪ್ಪಿಟ್ಟಿಗಿಂತ ಮೆದುವಾದ ಮುದ್ದೆಯಾಗುತ್ತದೆ. ಆಲಿವ್ ಎಣ್ಣೆಯಲ್ಲಿ ಹುರಿದ ಈರುಳ್ಳಿ, ಸ್ವಲ್ಪ ಜೀರಿಗೆ ಪುಡಿ, ಅಲೆಪ್ಪೊ ಮೆಣಸಿನ ಪುಡಿ, ಉಪ್ಪು ಸೇರಿಸಿ ನಾದಿ. ಒಂದು ಹಿಡಿಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದರೆ ನಾಲ್ಕು ಬೆರಳಿನ ಗುರುತು ಅದರ ಮೇಲೆ ಮೂಡಬೇಕು. ಆ ಗುರುತನ್ನು ಅಳಿಸದೆ ಹಾಗೆಯೇ ತಟ್ಟೆಯಲ್ಲಿ ಜೋಡಿಸಿ, ಮೇಲೆ ಪಾರ್ಸ್ಲಿ ಮತ್ತು ಈರುಳ್ಳಿ ಸೊಪ್ಪನ್ನು ಉದುರಿಸುತ್ತಾರೆ. ನನ್ನ ಬೀಗಿತ್ತಿಯವರ ಕೈಯನ್ನು ನೋಡಿ ಕಲಿತೆ. ಯಾವ ಉಂಡೆ ಯಾರು ಕಟ್ಟಿದ್ದು ಎಂದು ಬೆರಳಿನ ಅಗಲ ನೋಡಿ ಅವರು ಹೇಳಿಬಿಡುತ್ತಾರೆ.

ಉತ್ತರ 3 (ಒಲೆಮನೆ, ಬೆಂಗಳೂರು)

ಊರಿನಲ್ಲಿರುವ ನಮ್ಮಂಥವರಿಗಾಗಿ ಒಂದು ಎಚ್ಚರಿಕೆಯ ಮಾತು: ಬುಲ್ಗುರ್ ಮತ್ತು ನಮ್ಮ ಗೋಧಿ ನುಚ್ಚು ಒಂದೇ ಅಲ್ಲ. ಬುಲ್ಗುರ್ ಎಂದರೆ ಗೋಧಿಯನ್ನು ಮೊದಲೇ ಬೇಯಿಸಿ, ಒಣಗಿಸಿ, ಒಡೆದದ್ದು. ಕುಸುಬಲಕ್ಕಿಗೂ ಬೆಳ್ತಿಗೆ ಅಕ್ಕಿಗೂ ಇರುವಂಥದ್ದೇ ವ್ಯತ್ಯಾಸ. ಮೇಲೆ ಹೇಳಿದ ಕೋಫ್ತೆಗೆ ನಾನು ನುಚ್ಚನ್ನೇ ಹಾಕಿ, ಹಲ್ಲಿಗೆ ಮರಳಿನಂತೆ ಸಿಕ್ಕಿ, ಇಡೀ ಪಾತ್ರೆಯನ್ನು ಹಾಳುಮಾಡಿದ್ದೇನೆ. ನುಚ್ಚು ಬಳಸುವುದಾದರೆ ಅದನ್ನು ಬೇರೆಯಾಗಿ ಬೇಯಿಸಿಯೇ ಸೇರಿಸಬೇಕು.

ಯಾರೂ ಹೇಳದ ಒಂದು ಪದಾರ್ಥವಿದೆ, ನನಗಂತೂ ಅರ್ಮೇನಿಯನ್ ಅಡುಗೆಯಲ್ಲೆಲ್ಲ ಅದೇ ಹೆಚ್ಚು ಪ್ರಿಯ: ಜೆಂಗ್ಯಾಲೋವ್ ಹಾತ್ಸ್, ಅಂದರೆ ಸೊಪ್ಪಿನ ರೊಟ್ಟಿ. ಇದು ಅರ್ತ್ಸಾಖ್, ಅಂದರೆ ನಾಗೋರ್ನೊ ಕರಬಾಖ್ ಪ್ರದೇಶದ್ದು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನಿನ ಸೇನಾ ಕಾರ್ಯಾಚರಣೆಯ ಬಳಿಕ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಆ ನೆಲವನ್ನು ಬಿಟ್ಟು ಬಂದಾಗ ಈ ರೊಟ್ಟಿಯೂ ಅವರೊಡನೆ ಬಂತು. ಆ ಊರುಗಳಿಗೆ ಹೋಗಲಾಗದವರಿಗೆ ಈಗ ಆ ರುಚಿಯಷ್ಟೇ ಉಳಿದಿದೆ. ಹತ್ತರಿಂದ ಇಪ್ಪತ್ತು ಬಗೆಯ ಸೊಪ್ಪು ಹಾಕುತ್ತಾರೆ, ಅದರಲ್ಲಿ ಹೊಲದಂಚಿನ ಕಾಡುಸೊಪ್ಪುಗಳೇ ಹೆಚ್ಚು. ನಾನು ಪಾಲಕ್, ದಂಟು, ಚಕ್ಕೋತ, ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ ಸೊಪ್ಪು, ಬೀಟ್‌ರೂಟಿನ ಎಲೆ ಬಳಸುತ್ತೇನೆ. ಸಬ್ಬಸಿಗೆ ಅಲ್ಲಿಯೂ ಹಾಕುವ ಸೊಪ್ಪೇ. ಎಲ್ಲವನ್ನೂ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಸಣ್ಣಗೆ ಹೆಚ್ಚಿ. ಉಪ್ಪು, ಎಣ್ಣೆ, ಚಿಟಿಕೆ ಮೆಣಸಿನ ಪುಡಿಯನ್ನು ರೊಟ್ಟಿಗೆ ತುಂಬುವ ಕ್ಷಣದಲ್ಲಷ್ಟೇ ಬೆರೆಸಬೇಕು, ಏಕೆಂದರೆ ಉಪ್ಪು ಬಿದ್ದ ಐದು ನಿಮಿಷದಲ್ಲಿ ಸೊಪ್ಪು ನೀರು ಬಿಟ್ಟು ಕಣಕವನ್ನು ಹರಿಯುತ್ತದೆ. ಹಿಟ್ಟು, ನೀರು, ಉಪ್ಪಿನ ಕಣಕವನ್ನು ತೆಳ್ಳಗೆ ಲಟ್ಟಿಸಿ, ನಡುವೆ ಎರಡು ಹಿಡಿ ಸೊಪ್ಪಿಟ್ಟು, ಎದುರುಬದುರು ಅಂಚುಗಳನ್ನು ಮೇಲಕ್ಕೆ ತಂದು ದೋಣಿಯ ಆಕಾರದಲ್ಲಿ ಚಿವುಟಿ ಮುಚ್ಚಿ, ಅಂಗೈಯಿಂದ ಚಪ್ಪಟೆ ಮಾಡಿ, ಎಣ್ಣೆಯಿಲ್ಲದ ಕಾದ ಹಂಚಿನ ಮೇಲೆ ಬೇಯಿಸಿ. ಒಳಗಿನ ಸೊಪ್ಪು ತನ್ನ ಹಬೆಯಲ್ಲೇ ಬೇಯುತ್ತದೆ. ಪನೀರ್, ಆಲೂಗಡ್ಡೆ ಸೇರಿಸಿ "ರುಚಿ ಹೆಚ್ಚಿಸುವ" ವಿಧಾನಗಳನ್ನು ನೋಡಿದ್ದೇನೆ; ಸೊಪ್ಪಿನ ರುಚಿಯೇ ಮುಳುಗಿಹೋಗುತ್ತದೆ.

ಎರಡನೆಯ ಸಿಹಿಗೆ ಗಾತಾ. ಅರ್ಮೇನಿಯಾದ ಗೆಘಾರ್ಡ್ ಮಠದ ದಾರಿಯಲ್ಲಿ ಹೆಂಗಸರು ತಟ್ಟೆಯಗಲದ ಗಾತಾ ಮಾರುತ್ತಾರೆ, ಮನೆಯಲ್ಲಿ ಸಣ್ಣ ತುಂಡುಗಳಾಗಿ ಮಾಡುವುದು ಸುಲಭ. ನಾಲ್ಕು ಲೋಟ ಮೈದಾಕ್ಕೆ 250 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಉಜ್ಜಿ, ಅರ್ಧ ಚಮಚ ಸೋಡಾ ಬೆರೆಸಿದ ಒಂದು ಲೋಟ ಮೊಸರಿನಿಂದ ಕಲಸಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಮೊಸರಿರುವುದರಿಂದ ಮೊಟ್ಟೆಯ ಕೊರತೆ ಕಾಣುವುದಿಲ್ಲ. ಒಳಗಿನ ಹೂರಣಕ್ಕೆ ಖೋರಿಜ್ ಎಂದು ಹೆಸರು. ಎರಡು ಲೋಟ ಮೈದಾ, ಒಂದು ಲೋಟ ಸಕ್ಕರೆ, 150 ಗ್ರಾಂ ಕರಗಿಸಿದ ಬೆಣ್ಣೆ, ವೆನಿಲಾ, ಇಷ್ಟೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವ ಒದ್ದೆ ಮರಳಿನ ಹದಕ್ಕೆ ಬರಬೇಕು. ಕಣಕವನ್ನು ಲಟ್ಟಿಸಿ, ಖೋರಿಜ್ ಹರಡಿ, ಸುರುಳಿ ಸುತ್ತಿ, ಓರೆಯಾಗಿ ಕತ್ತರಿಸಿ, ಮೇಲೆ ಕೇಸರಿ ಹಾಲು ಸವರಿ 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ ಬೇಯಿಸಿ. ಉಪವಾಸದ ದಿನಗಳಿಗೆ ಮಾತ್ರ ಇದು ಸಲ್ಲದು, ಪೂರ್ತಿ ಬೆಣ್ಣೆಯೇ.

ಪ್ರಶ್ನೆ ಕೇಳಿದವರಿಂದ (ಹುಗ್ಗಿಮನೆ, ಗ್ಲೆಂಡೇಲ್)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಊಟ ನಿನ್ನೆ ಮುಗಿಯಿತು. ಮೊದಲೇ ವಿಚಾರಿಸಿದಾಗ, ಅಜ್ಜಿ ಹುಟ್ಟಿದ್ದು ಅಲೆಪ್ಪೊದಲ್ಲಿ, ಅಜ್ಜ ಯೆರೆವಾನ್‌ನವರು ಎಂದು ತಿಳಿಯಿತು. ಹೀಗಾಗಿ ಎರಡೂ ಕಡೆಯದನ್ನು ಮಾಡಿದೆ. ಸ್ಪಾಸ್ ಈ ಬಾರಿ ಒಡೆಯಲಿಲ್ಲ. ಹಿಟ್ಟನ್ನು ತಣ್ಣಗಿರುವಾಗಲೇ ಕಡೆದು, ಹದಿನೆಂಟು ನಿಮಿಷ ಕೈಬಿಡದೆ ತಿರುವಿದೆ. ಅಜ್ಜ ಎರಡು ಬಟ್ಟಲು ಕುಡಿದು, ಒಣಗಿದ ಲವಾಶನ್ನು (ಅವರ ತೆಳು ರೊಟ್ಟಿ) ಅದರೊಳಗೆ ಮುರಿದು ಹಾಕಿಕೊಂಡು ಮೂರನೆಯದನ್ನೂ ಕೇಳಿದರು. ವೋಸ್ಪೋವ್ ಕೋಫ್ತೆಯನ್ನು ಕಂಡ ಅಜ್ಜಿ, ನನ್ನ ಬೆರಳಿನ ಗುರುತಿನ ಮೇಲೆ ತಮ್ಮ ಬೆರಳನ್ನಿಟ್ಟು ಅಳೆದು ನೋಡಿದರು. ಗಾತಾ ಚೆನ್ನಾಗಿಯೇ ಬಂತು, ಅಂಚು ಸ್ವಲ್ಪ ಕಪ್ಪಾಗಿತ್ತು.

ಉಪವಾಸದ ತೋಲ್ಮಾ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹುಳಿ ಬರಿಸಿದ ಎಲೆಕೋಸು ಸಿಗದೆ ಹಸಿ ಎಲೆಯನ್ನೇ ಬಿಸಿನೀರಿನಲ್ಲಿ ಅದ್ದಿ, ನಿಂಬೆರಸ ಹಿಂಡಿದ್ದೆ. ಅಜ್ಜ ಒಂದು ತುಂಡನ್ನು ನಿಧಾನವಾಗಿ ಅಗಿದು, ಹೂರಣ ಸರಿಯಾಗಿದೆ, ಎಲೆ ಸರಿಯಿಲ್ಲ, ನಿಂಬೆಯ ಹುಳಿ ಮೇಲುಮೇಲೆ ನಿಲ್ಲುತ್ತದೆ ಎಂದರು. ಅವರ ಮನೆಯಲ್ಲಿ ಇಡೀ ಎಲೆಕೋಸನ್ನು ಉಪ್ಪುನೀರು, ಬೆಳ್ಳುಳ್ಳಿ, ಒಂದು ಹೋಳು ಬೀಟ್‌ರೂಟಿನೊಡನೆ ಜಾಡಿಯಲ್ಲಿ ಹಾಕಿ ವಾರಗಟ್ಟಲೆ ಬಿಡುತ್ತಾರಂತೆ. ಬರುವ ಅಕ್ಟೋಬರಿನಲ್ಲಿ ಜಾಡಿ ತುಂಬುವ ದಿನ ನನ್ನನ್ನೂ ಕರೆದಿದ್ದಾರೆ. ಐದು ಲೀಟರಿನ ಒಂದು ಗಾಜಿನ ಜಾಡಿಯನ್ನು ನಾನೇ ಕೊಂಡು ತರಬೇಕೆಂದು ಹೇಳಿದ್ದಾರೆ.